ದಪ್ಪ ದನಿಯ ಬೀಗರು

ನಮ್ಮ ಬೀಗರು ಯಾವ ಕಟ್ಟಡಕ್ಕೆ ಹೋದರೂ ಮೊದಲು ಒಂದು ಚಪ್ಪಾಳೆ ತಟ್ಟಿ ನೋಡುತ್ತಿದ್ದರು. ಆಸ್ಪತ್ರೆಯ ಮೆಟ್ಟಿಲು, ಮಾಲಿನ ಪಾರ್ಕಿಂಗು, ಮಾತಾಡಿಸಲು ಹೋದ ಸಾವಿನ ಮನೆಯ ಬಚ್ಚಲು, ಯಾವುದನ್ನೂ ಬಿಟ್ಟವರಲ್ಲ. ದನಿ ತಿರುಗಿ ಬಂದರೆ ಅಲ್ಲೇ ನಿಂತು ಹೊಟ್ಟೆಯೊಳಗಿಂದ “ಡುಂ ಡುಂ ಡುಬ್ಬಿ ಡುಂ” ಅನ್ನುತ್ತಿದ್ದರು. ಬಾರದಿದ್ದರೆ “ಇದು ಮನಿ ಅಲ್ರೀ, ಗಾದಿ” ಅಂತ ಮುಖ ಗಂಟಿಕ್ಕುತ್ತಿದ್ದರು.

ಬೀಗರು ಅಂದರೆ ನನ್ನ ಅಳಿಯನ ಅಪ್ಪ. ಹುಬ್ಬಳ್ಳಿಯವರು. ಡಲ್ಲಾಸಿನಲ್ಲಿ ಆಪರೇಶನ್‌ಗೆ ಮುಂಚೆ ಮಂದಿಗೆ ಮಂಪರು ಕೊಡುವ ಡಾಕ್ಟರಾಗಿದ್ದು ನಿವೃತ್ತಿಯಾಗಿದ್ದರು. ಹೆಂಡತಿ ತೀರಿಕೊಂಡ ಮೇಲೆ ಡಲ್ಲಾಸಿನ ಹತ್ತಿರದ ಯೂಲೆಸ್‌ನಲ್ಲಿ ಮಗನ ಮನೆಯಲ್ಲೇ ಇದ್ದರು. ಅದೇ ಮನೆಗೆ, ಮಗಳ ಮನೆ ಅಂತ, ನಾನೂ ಬಂದು ಕೂತಿದ್ದೆ.

“ಬೀಗತ್ಯಾರ, ಇದು ಸಾರಿನ್ಯಾಗ ಉಪ್ಪೋ, ಉಪ್ಪಿನ್ಯಾಗ ಸಾರೋ?” ಅನ್ನುತ್ತಿದ್ದರು.

“ಮಂದಿಗೆ ಮಂಪರು ಕೊಟ್ಟು ಕೊಟ್ಟು ನಿಮ್ಮ ನಾಲಗಿನೂ ಮಲಗೇತಿ. ಸುಮ್ಮನ ಉಣ್ರಿ” ಅನ್ನುತ್ತಿದ್ದೆ.

ಈಜಲು ಹೋದಲ್ಲಿ, ಸ್ನಾನದ ಕೋಣೆಯಲ್ಲಿ ಅವರು ಗುನುಗುತ್ತಿದ್ದುದನ್ನು ಕ್ಲೈಡ್ ಕೇಳಿಸಿಕೊಂಡ. ಕ್ಲೈಡ್ ಟಪಾಲು ಹಂಚಿ ನಿವೃತ್ತನಾದ ಮುದುಕ. ಹುಡುಗನಿದ್ದಾಗಿನಿಂದ ಗೆಳೆಯರ ಜೊತೆ ಓಣಿಯ ಮೂಲೆಯಲ್ಲಿ ನಿಂತು ಹಾಡುತ್ತಿದ್ದವನು. ವಾದ್ಯ ಇಲ್ಲ, ಬರೀ ಬಾಯಿ. ಡೂ-ವಾಪ್ ಅನ್ನುತ್ತಾರೆ. ಒಬ್ಬ ರಾಗ ಎತ್ತಬೇಕು, ಇಬ್ಬರು ನಡುವೆ ಊ ಆ ಅಂತ ಹಿಡಿಯಬೇಕು, ಒಬ್ಬ ಕೆಳಗೆ ಡುಂ ಡುಂ ಅಂತ ನೆಲ ಆಗಬೇಕು. ಅವರ ನೆಲದವನು ಸತ್ತಿದ್ದ. ಆ ಜಾಗಕ್ಕೆ ಕ್ಲೈಡ್ ಬೀಗರನ್ನು ಎಳೆದುಕೊಂಡ.

“ಅಜ್ಜಿ, ಇಟ್ ಮೀನ್ಸ್ ನಥಿಂಗ್” ಅಂತ ಮೊಮ್ಮಗಳು ನಗುತ್ತಿದ್ದಳು. ನಾನು ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವಳು. ಅರ್ಥ ಇರುವ ಇಂಗ್ಲಿಷ್ ಹಾಡು ನನ್ನನ್ನು ಹೊರಗೇ ನಿಲ್ಲಿಸುತ್ತದೆ. ಈ ಡುಬ್ಬಿ ಡುಂ ಯಾರನ್ನೂ ಏನು ಓದಿದ್ದೀ ಅಂತ ಕೇಳುವುದಿಲ್ಲ. ರೊಟ್ಟಿ ಬಡಿಯುವ ಕೈ ತಾನೇ ಅದರ ಲೆಕ್ಕಕ್ಕೆ ಬೀಳುತ್ತಿತ್ತು.

ತೊಂದರೆ ಇದ್ದದ್ದು ಬೀಗರಲ್ಲೇ. ಭಜನೆಯಲ್ಲಿ ಬೆಳೆದ ಕಿವಿ. ಅಲ್ಲಿ ಒಬ್ಬ ಎತ್ತಿದ್ದನ್ನೇ ಎಲ್ಲರೂ ಎತ್ತಬೇಕು. ಕ್ಲೈಡ್ ರಾಗ ತೆಗೆದ ಕೂಡಲೇ ಇವರ ಡುಂ ಡುಂ ಮೇಲೆ ಹೋಗಿ ಅವನಿಗೇ ಅಂಟಿಕೊಳ್ಳುತ್ತಿತ್ತು. ಕೆಳಗೆ ನೆಲವೇ ಇಲ್ಲ. ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದರು, ಮತ್ತೆ ಅದೇ. ಕೊನೆಗೆ ಕ್ಲೈಡ್ ಖಡಾಖಂಡಿತ ಹೇಳಿದ: ಆಸ್ಟಿನ್‌ನ ಕಾರ್ಯಕ್ರಮವೇ ಕಡೆಯ ಅವಕಾಶ. ಹ್ಯೂಸ್ಟನ್‌ನಿಂದ ಒಬ್ಬ ದಪ್ಪ ದನಿಯವನು ಬಂದು ಕೂತು ಕೇಳುತ್ತಾನೆ. ನೀನು ಜಾರಿದರೆ ಆಮೇಲೆ ನಿನ್ನ ಜಾಗ ಅವನದು.

ಬೀಗರಿಗೆ ಅನ್ನ ಇಳಿಯಲಿಲ್ಲ. “ಅಲ್ಲಿ ನನಗ ಯಾರೂ ಡಾಕ್ಟರ್ ಅನ್ನೂದಿಲ್ರೀ, ಅಂಕಲ್ ಅನ್ನೂದಿಲ್ಲ. ಬಾರೋ ಮುದುಕ ಅಂತಾರ. ಅದೂ ಹೋದ್ರ ನನಗ ಟೀವಿ ಒಂದ ಉಳೀತೈತಿ.”

ಅಳುಮೋರೆ ನನಗೆ ಆಗುವುದಿಲ್ಲ. “ಕೂಡ್ರಿ ಇಲ್ಲೆ” ಅಂದೆ. ಅವರ ಕಿವಿಯ ಹತ್ತಿರ ಬಾಯಿ ತಂದು, ನಮ್ಮವ್ವ ಬೀಸುವಾಗ ಹಾಡುತ್ತಿದ್ದ ಪದ ಎತ್ತಿದೆ. “ನಾ ಏನರ ಒದರ್ಲಿ, ನೀವು ನಿಮ್ಮ ಡುಂ ಡುಂ ಬಿಟ್ರ ರೊಟ್ಟಿ ಇಲ್ಲ.” ಮೊದಲ ಸಾಲಿಗೇ ಬಂದು ನನ್ನ ಪದಕ್ಕೆ ಬಿದ್ದರು. “ಎದಕ್ಕ ಬಂದ್ರಿ? ನಾ ಕರದೆನೇನು?” ಬೀಗರಲ್ಲದಿದ್ದರೆ ಸೌಟಿನಿಂದ ಬಾರಿಸುತ್ತಿದ್ದೆ. ಆಸ್ಟಿನ್ ದಾರಿಯುದ್ದಕ್ಕೂ ಇದೇ ಕಾಟ. ಡ್ರೈವ್ ಮಾಡುತ್ತಿದ್ದ ಅಳಿಯ “ಇಬ್ಬರೂ ಬಾಯಿ ಮುಚ್ಚರಿ, ಎಕ್ಸಿಟ್ ತಪ್ಪತೈತಿ” ಅಂತ ಚೀರಿದ.

ಹಾಲ್ ತುಂಬಿತ್ತು. ಬರೀ ಬಿಳಿ ತಲೆಗಳಿರುತ್ತವೆ ಅಂದುಕೊಂಡಿದ್ದೆ. ಮೂಗು ಚುಚ್ಚಿಸಿಕೊಂಡ ಹರೆಯದವರೂ ಕೂರಲು ಜಾಗ ಸಿಗದೆ ಗೋಡೆಗೆ ಆತು ನಿಂತಿದ್ದರು. ಹ್ಯೂಸ್ಟನ್‌ನವನು ಬಂದು ನನ್ನ ಪಕ್ಕಕ್ಕೇ ಕೂತ. ಬಾಗಿಲಿನಷ್ಟು ಅಗಲದ ಆಳು. ಹಾಡು ಶುರುವಾದದ್ದೇ ಬೆರಳಿನಿಂದ ಮೊಣಕಾಲ ಮೇಲೆ ಬೀಗರ ಡುಂ ಡುಂ ತಟ್ಟತೊಡಗಿದ.

ಮೊದಲ ಹಾಡು ಹೇಗೋ ದಾಟಿತು. ಎರಡನೆಯದು ನಿಧಾನದ್ದು. ಅದರ ನಡುವೆ ಕ್ಲೈಡನ ದನಿಯೇ ಮೆಟ್ಟಿಲು ತಪ್ಪಿದಂತೆ ಕೆಳಗೆ ಜಾರಿತು. ವಯಸ್ಸು. ನಡುವಿನ ಇಬ್ಬರೂ ಅವನ ಹಿಂದೆಯೇ ಜಾರಿದರು. ಬೀಗರು ಜಾರಲಿಲ್ಲ. ಮೂವರು ಒಂದು ಕಡೆ, ಇವರೊಬ್ಬರು ಒಂದು ಕಡೆ. ಕೇಳಲು ಅಸಹ್ಯವಾಗಿತ್ತು. ಪಕ್ಕದವನ ಬೆರಳು ನಿಂತಿತು. ನಾನು ಕಲಿಸಿದ್ದೇ ಇವರನ್ನು ಮುಳುಗಿಸಿತಲ್ಲ. ಹೋಗ್ರಿ ಮಾರಾಯರ, ಇದೊಂದ ಸಲ ಅವರ ಜೊತಿ ಹೋಗ್ರಿ, ಅಂತ ಮನಸ್ಸಿನಲ್ಲೇ ಒದರಿದೆ. ಕ್ಲೈಡ್ ತಿರುಗಿ ಕಣ್ಣು ಕೆಂಪು ಮಾಡಿದ. ಬೀಗರ ಕುತ್ತಿಗೆಯ ನರ ಉಬ್ಬಿತ್ತು. ಕಣ್ಣು ಮುಚ್ಚಿಕೊಂಡು ತಮ್ಮದನ್ನೇ ಹಿಡಿದಿದ್ದರು.

ಕ್ಲೈಡ್ ಹಾಡು ಬಿಟ್ಟು ಒಂದು ಉಸಿರಿನಷ್ಟು ಹೊತ್ತು ಕೇಳಿದ. ಆಮೇಲೆ ಬೀಗರ ದನಿಯ ಮೇಲೆ ಕಾಲಿಟ್ಟು ಮೇಲಕ್ಕೆ ಬಂದ. ಉಳಿದಿಬ್ಬರೂ ಬಂದರು. ಹ್ಯೂಸ್ಟನ್‌ನವನು ಅಳಿಯನ ಕಡೆ ಬಾಗಿ ಏನೋ ಅಂದ. “ಇಲ್ಲಿ ನನಗ ಜಾಗ ಇಲ್ಲ, ಸುಮ್ಮನ ಇಷ್ಟು ದೂರ ಪೆಟ್ರೋಲ್ ಸುಟ್ಟೆ ಅಂತಾನ, ಅತ್ತಿ” ಅಂತ ಅಳಿಯ ಹೇಳಿದ.

ಮುಂದಿನ ಚಳಿಗಾಲ ಬೀಗರು ಎದೆನೋವಿನಿಂದ ಹೋಗಿಬಿಟ್ಟರು. ದಹನಕ್ಕೆ ಮುಂಚೆ ಚಿತಾಗಾರದ ಹಾಲ್‌ನಲ್ಲಿ ಕ್ಲೈಡ್ ಮತ್ತು ಇಬ್ಬರು ಎದ್ದು ನಿಂತರು. ಹ್ಯೂಸ್ಟನ್‌ನವನೂ ಬಂದಿದ್ದ. ನೀವೂ ಹಾಡಿ ಅಂತ ಅಳಿಯ ಕರೆದರೆ ಒಲ್ಲೆ ಅಂತ ತಲೆ ಅಲ್ಲಾಡಿಸಿದ. ಮೂವರೇ ಹಾಡಿದರು. ಆ ಹಾಡಿನಲ್ಲಿ ಒಂದು ಕಡೆ ಎಲ್ಲರೂ ನಿಲ್ಲಿಸಿ ಡುಂ ಡುಂ ಒಂದಕ್ಕೇ ಜಾಗ ಬಿಡುತ್ತಾರೆ. ಅಲ್ಲಿಗೆ ಬಂದು ಮೂವರೂ ಬಾಯಿ ಮುಚ್ಚಿ ನಿಂತರು. ಹಾಡು ಮುಗಿಯಿತು ಅಂತ ನಮ್ಮ ಮಂದಿ ಸೀರೆ, ಕೋಟು ಸರಿಮಾಡಿಕೊಂಡು ಏಳತೊಡಗಿದರು.

“ಕೂಡ್ರಿ” ಅಂದೆ. “ಬೀಗರ ಪಾಳಿ ನಡದೈತಿ.”