ಬೀರುವಿನಲ್ಲಿಟ್ಟ ನೀರಿನ ಲೆಕ್ಕ

ಬೆಳಿಗ್ಗೆ ಇಡ್ಲಿಗೆ ನೆನೆಹಾಕಿದೆ. ಸೊಪ್ಪಿನವಳು ಬಂದಳು, ದಂಟಿನ ಸೊಪ್ಪು ಕೊಂಡು ಬಿಡಿಸಿಟ್ಟೆ. ದೇವರ ಸಾಮಾನಿಗೆಲ್ಲ ಹುಣಸೆಹಣ್ಣು ಹಚ್ಚಿ ತೊಳೆದೆ. ನೀರಿನ ಫಿಲ್ಟರ್ ರಿಪೇರಿಯವನು ಬರುತ್ತೇನೆಂದು ಹೇಳಿ ಬರಲಿಲ್ಲ. ಮಧ್ಯಾಹ್ನ ಬೀರು ತೆಗೆದು ರೇಷ್ಮೆ ಸೀರೆಗಳನ್ನು ಗಾಳಿಗೆ ಹಾಕಿದೆ. ಅಕ್ಕನ ಮಗಳ ನಿಶ್ಚಿತಾರ್ಥ ಹತ್ತಿರ ಬಂತು, ಉಡಬೇಕಲ್ಲ. ಒಂದು ಸೀರೆಯಂತೂ ಇಟ್ಟಲ್ಲೇ ಮಡಿಕೆಗುಂಟ ಸೀಳಿತ್ತು. ಮೂಲೆಯಲ್ಲಿ ಕಡಲೆಕಾಳಿನಷ್ಟಕ್ಕೆ ಸವೆದ ನುಸಿಗುಳಿಗೆಗಳು... ಆ ವಾಸನೆಗೆ ನನಗೆ ನೆನಪಾಗುವುದು ಎದುರುಮನೆ ಅಂಕಲ್.

ತೊಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಬನಶಂಕರಿಯ ಈ ಮನೆಗೆ ಬಂದಾಗ ಅವರಿಗೆ ಐವತ್ತು ದಾಟಿತ್ತು. ಯಾವುದೋ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ, ಬೋರ್‌ವೆಲ್ ನೀರು ಪರೀಕ್ಷೆ ಮಾಡುವುದು ಅವರ ಕೆಲಸ. ಭಾನುವಾರ ಬಂತೆಂದರೆ ವೈರ್ ಬುಟ್ಟಿಯ ತುಂಬ ಬಾಟಲಿ ಜೋಡಿಸಿ, ಸ್ಕೂಟರಿನಲ್ಲಿ ಸುಬ್ರಹ್ಮಣ್ಯಪುರ, ಉತ್ತರಹಳ್ಳಿ ಕಡೆ ಹೊರಡುತ್ತಿದ್ದರು. ಆಗ ಅಲ್ಲಿ ರಾಗಿಹೊಲಗಳೆಲ್ಲ ಸೈಟುಗಳಾಗುತ್ತಿದ್ದವು. ಹೊಸ ಮನೆ ಎದ್ದಲ್ಲೆಲ್ಲ ಹೊಸ ಬೋರ್‌ವೆಲ್.

ಜಿಪುಣರು ಎನ್ನುವಂತಿರಲಿಲ್ಲ. ಎಲ್ಲರೂ ಫೋನಿನ ಡಯಲ್‌ಗೆ ಪುಟ್ಟ ಬೀಗ ಹಾಕುತ್ತಿದ್ದ ಕಾಲದಲ್ಲಿ ಅವರ ಫೋನಿಗೆ ಬೀಗವೇ ಇರಲಿಲ್ಲ. ನಮ್ಮ ತವರಿನಿಂದ ಫೋನು ಬಂದರೆ ಅವರೇ ಗೇಟಿನ ತನಕ ಬಂದು ನನ್ನನ್ನು ಕೂಗುತ್ತಿದ್ದರು. ಅವರ ಕರಿಬೇವಿನ ಗಿಡಕ್ಕೆ ಬೀದಿಯವರೆಲ್ಲ ಕೈ ಹಾಕುತ್ತಿದ್ದೆವು, ಯಾರೂ ಕೇಳಿ ಕಿತ್ತದ್ದಿಲ್ಲ.

ಬೀಗವಿದ್ದದ್ದು ಒಂದಕ್ಕೇ, ನಡುಮನೆಯ ಕಬ್ಬಿಣದ ಬೀರುವಿಗೆ. ಅದರ ಕೀಲಿ ಅವರ ಜನಿವಾರದಲ್ಲಿ ನೇತಾಡುತ್ತಿತ್ತು. ಒಳಗೆ ವರ್ಷಗಟ್ಟಲೆಯ ನೀರಿನ ಲೆಕ್ಕವೆಲ್ಲ ಕಂಪ್ಯೂಟರ್ ಫ್ಲಾಪಿಗಳಲ್ಲಿತ್ತು. ಫ್ಲಾಪಿಗಳನ್ನು ಮಲ್ ಬಟ್ಟೆಯಲ್ಲಿ ಸುತ್ತಿ, ನಡುನಡುವೆ ನುಸಿಗುಳಿಗೆ ಹಾಕಿ ಇಟ್ಟಿದ್ದರು. ಆಂಟಿ ನಗುತ್ತಿದ್ದರು: "ನನ್ ಧಾರೆ ಸೀರೆ ಟ್ರಂಕಲ್ಲಿ ಬಿದ್ದಿದೆ ಕಣೇ. ಬೀರು ಭಾಗ್ಯ ಅದಕ್ಕಿಲ್ಲ."

ಹಾಗೇಕೆ ಬಚ್ಚಿಡುತ್ತಾರೆ ಎಂಬುದನ್ನೂ ಆಂಟಿಯೇ ಹೇಳಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಂಬಿ ತೋರಿಸಿದ ಅಂಕಿಗಳನ್ನು ಮೇಲಿನವನೊಬ್ಬ ತನ್ನ ಹೆಸರಲ್ಲಿ ಅಚ್ಚು ಹಾಕಿಸಿಕೊಂಡಿದ್ದನಂತೆ. ಆಮೇಲೆ ಅವರು ಯಾರನ್ನೂ ನಂಬಲಿಲ್ಲ. ಆಫೀಸಿನಲ್ಲೂ ಒಂದು ಪ್ರತಿ ಬಿಡುತ್ತಿರಲಿಲ್ಲ. ಫ್ಲಾಪಿಗೆ ಏರಿಸಿದ ಮೇಲೆ ಕಾಗದಗಳನ್ನು ತಾವೇ ಹಂಡೆ ಒಲೆಗೆ ಹಾಕುತ್ತಿದ್ದರು.

ಅವರ ಕೈಕೆಳಗೆ ಧಾರವಾಡದ ಕಡೆಯ ಹುಡುಗಿಯೊಬ್ಬಳು ಸಂಶೋಧನೆ ಮಾಡುತ್ತಿದ್ದಳು. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದಳು. ಬಾಟಲಿಗಳನ್ನು ಪರೀಕ್ಷಿಸುವವಳು ಅವಳೇ. ಆದರೆ ಬಾಟಲಿಯ ಮೇಲೆ ಇರುತ್ತಿದ್ದದ್ದು ನಂಬರು ಮಾತ್ರ. ಯಾವ ನಂಬರು ಯಾರ ಮನೆಯದು ಎಂಬುದೂ ಆ ಬೀರುವಿಗೇ ಸೇರುತ್ತಿತ್ತು. ಇಂಟರ್ನೆಟ್ ಆಗಷ್ಟೇ ಬಂದಿತ್ತು. ಹೊರದೇಶದ ವಿಜ್ಞಾನಿಗಳು ತಮ್ಮ ಲೆಕ್ಕವನ್ನೆಲ್ಲ ಅದರಲ್ಲಿ ತೆರೆದಿಡುತ್ತಿದ್ದಾರೆ, ನಾವೂ ಬೀದಿ ಬೀದಿಯದು ಹಾಕೋಣ, ಬೇಕಾದವರು ನೋಡಿಕೊಳ್ಳಲಿ ಎಂದು ಅವಳು ಬಂದಾಗಲೆಲ್ಲ ಹೇಳುತ್ತಿದ್ದಳು. ಒಂದು ಸಲ ನಾನು ಕರಿಬೇವಿಗೆ ಹೋಗಿದ್ದಾಗಲೂ ಅದೇ ಮಾತು ನಡೆದಿತ್ತು.

"ಮೊದ್ಲು ಜರ್ನಲ್ಲಲ್ಲಿ ನನ್ ಪೇಪರ್ ಬರ್ಲಿ. ಆಮೇಲೆ ಊರಿಗೇ ಹಂಚೋಣ," ಎಂದರು ಅಂಕಲ್.

"ನಿಮ್ಮ ಪೇಪರ್ ಬರೂತನಕ ಮಂದಿ ನೀರು ಕುಡೀದ ಕುಂದರ್ತಾರೇನ್ರಿ ಸರ್?"

ಅಂಕಲ್ ನಕ್ಕು ಕಾಫಿ ಲೋಟ ಅವಳ ಕಡೆ ಸರಿಸಿದರು.

ಅದೇ ಸುಮಾರಿಗೆ ನಮ್ಮಕ್ಕ ಉತ್ತರಹಳ್ಳಿ ರಸ್ತೆಯ ಆಚೆ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಅಂಕಲ್, ಆಂಟಿ ಇಬ್ಬರೂ ಬಂದರು. ಬೋರ್‌ವೆಲ್ಲಿಗೂ ಅರಿಶಿನ ಕುಂಕುಮ ಹಚ್ಚಿ ಹೂವು ಮುಡಿಸಿದ್ದೆವು. ಊಟ ಮುಗಿದ ಮೇಲೆ ಅಂಕಲ್ ಜೇಬಿನಿಂದ ಖಾಲಿ ಬಾಟಲಿ ತೆಗೆದು, ಒಂದಿಷ್ಟು ನೀರು ಕೊಡಮ್ಮ ಎಂದರು. ಅಕ್ಕನಿಗೆ ಏನು ಹಿಗ್ಗು! ವಿಜ್ಞಾನಿಗಳು ನಮ್ಮ ಗಂಗಮ್ಮನನ್ನು ಕೇಳಿ ಪಡೆಯುತ್ತಿದ್ದಾರೆಂದು ಬಾಟಲಿಗೂ ಕುಂಕುಮ ಇಟ್ಟು, ಎಲೆ ಅಡಿಕೆ ತೆಂಗಿನಕಾಯಿಯ ಜೊತೆ ತಾಂಬೂಲದಲ್ಲೇ ಕೊಟ್ಟಳು. ಅಂಕಲ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಕ್ಕನ ಮಗಳು ಆಗಿನ್ನೂ ತಪ್ಪು ಹೆಜ್ಜೆ ಇಡುವ ಕೂಸು.

ಆಮೇಲೆ ನಮ್ಮ ಮನೆಗೆ ಬಂದಾಗಲೆಲ್ಲ ಅಕ್ಕ ಎದುರುಮನೆ ಗೇಟಿನ ಹತ್ತಿರ ನಿಂತು ನೀರಿನ ವಿಷಯ ಕೇಳುತ್ತಿದ್ದಳು. "ನೋಡ್ತಾ ಇದ್ದೀನಮ್ಮ. ಪೂರ್ತಿ ಆಗ್ಲಿ, ಹೇಳ್ತೀನಿ," ಎಂದೇ ಅವರ ಉತ್ತರ. ಕೆಟ್ಟದ್ದಾಗಿದ್ದರೆ ಹೇಳದೆ ಇರುತ್ತಿದ್ದರೇ ಎಂದುಕೊಂಡು ಅಕ್ಕ ಅದೇ ನೀರಲ್ಲಿ ಅನ್ನ ಮಾಡಿದಳು, ಹಾಲಿನ ಪುಡಿ ಕಲಸಿದಳು...

ಮಗುವಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವು. ಬರುವಾಗಲೇ ಕಂದು ಕಲೆ, ಸುಣ್ಣದಂಥ ಪಟ್ಟೆ. ನಾವು ಬೇವಿನಕಡ್ಡಿ, ಉಪ್ಪು, ಇದ್ದಿಲು ಎಲ್ಲ ಹಾಕಿ ತಿಕ್ಕಿಸಿದೆವು. ಜಯನಗರದ ಹಲ್ಲಿನ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ಬೋರ್ ನೀರಾ ಎಂದು. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಇನ್ನು ತಿಕ್ಕಿ ಫಲವಿಲ್ಲ, ಮೊದಲೇ ಗೊತ್ತಾಗಿದ್ದರೆ ನೀರು ಬದಲಾಯಿಸಬಹುದಿತ್ತು ಎಂದರು.

ಅಲ್ಲಿಂದ ಅಕ್ಕ ಮಗಳನ್ನು ಕರೆದುಕೊಂಡು ನೇರ ಎದುರುಮನೆಗೆ ಹೋದಳು, ನಾನೂ ಹಿಂದೆಯೇ ಹೋದೆ. ನಿಮಗೆ ಗೊತ್ತಿತ್ತೇ ಎಂದು ಕೇಳಿದ್ದಕ್ಕೆ ಅಂಕಲ್ ಇಲ್ಲವೆನ್ನಲಿಲ್ಲ. ಆ ಬಾಟಲಿಯ ಫಲಿತಾಂಶ ಗೃಹಪ್ರವೇಶದ ತಿಂಗಳಲ್ಲೇ ಬಂದಿತ್ತಂತೆ.

"ಒಬ್ರಿಗೆ ಹೇಳಿದ್ರೆ ಊರಿಗೆಲ್ಲಾ ಹೇಳ್ದಂಗೆ ಕಣಮ್ಮ," ಎಂದರು. "ಪೇಪರ್ ಒಂದು ಬಂದ್ಬಿಡ್ಲಿ ಅಂತ..."

ಅಕ್ಕ ಮಗಳ ಗಲ್ಲ ಹಿಡಿದು ಮುಖವನ್ನು ಅವರ ಕಡೆ ತಿರುಗಿಸಿದಳು. "ಬಂದಿದೆ ನೋಡಿ ಅಂಕಲ್. ಇಲ್ಲೇ ಅಚ್ಚಾಗಿದೆ."

ಒಳಗಿದ್ದ ಆಂಟಿ ಹೊರಗೆ ಬರಲಿಲ್ಲ.

ಅದಾದ ವಾರದಲ್ಲೇ ಅಂಕಲ್ ಆ ಧಾರವಾಡದ ಹುಡುಗಿಯನ್ನು ಕರೆಸಿ, ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕು ಎಂದರಂತೆ. ಗಂಟು ಬಿಚ್ಚಿದರೆ ಮಲ್ ಬಟ್ಟೆ ಫ್ಲಾಪಿಗಳಿಗೆ ಅಂಟಿಕೊಂಡಿತ್ತು. ಅಷ್ಟು ವರ್ಷ ಮುಚ್ಚಿದ ಬೀರುವಿನಲ್ಲಿ ನುಸಿಗುಳಿಗೆಯ ಆವಿ ಕುಡಿದು ಪ್ಲಾಸ್ಟಿಕ್ ಮೆತ್ತಗಾಗಿ ಜಿಗುಟಾಗಿತ್ತು. ಒಂದಾದ ಮೇಲೊಂದು ಹಾಕಿ ನೋಡಿದಳು, ಕಂಪ್ಯೂಟರು ಗೊರಗೊರ ಎಂದು ಸದ್ದು ಮಾಡಿ ಸುಮ್ಮನಾಯಿತು. ಒಂದೂ ತೆರೆಯಲಿಲ್ಲ. ಕಾಗದಗಳು ಎಂದೋ ಹಂಡೆ ಒಲೆಯಲ್ಲಿ ಬೂದಿಯಾಗಿದ್ದವು. ಹೋಗುವಾಗ ಅವಳು ನಮ್ಮ ಜಗಲಿಯಲ್ಲಿ ಕೂತು, ಅವರಿಗೆ ಹೇಳಿ ಬಂದ ಮಾತನ್ನು ನನಗೂ ಹೇಳಿದಳು: "ತೆರೆದಿಟ್ಟಿದ್ರ ಕದಿಯೋರು ಕದೀತಿದ್ರು ಅಕ್ಕಾರ. ಆದ್ರ ಇರ್ತಿತ್ತು."

ಅವಳು ಊರಿಗೆ ಹೊರಟುಹೋದಳು. ಮುಂದೇನು ಮಾಡಿದಳೋ ತಿಳಿಯದು. ಅಂಕಲ್ ಆಮೇಲೆ ಗೇಟಿನ ತನಕ ಬಂದು ಯಾರನ್ನೂ ಕೂಗಲಿಲ್ಲ. ಕೆಲವು ವರ್ಷಕ್ಕೆ ತೀರಿಕೊಂಡರು. ಪೇಪರ್ ಬರಲೇ ಇಲ್ಲ. ಆ ಲೇಔಟಿನ ಉಳಿದ ಮನೆಗಳಲ್ಲಿ ಎಷ್ಟು ಮಕ್ಕಳು ಅದೇ ನೀರು ಕುಡಿದು ಬೆಳೆದವೋ... ಎದುರುಮನೆ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿದರು, ಕರಿಬೇವಿನ ಗಿಡವೂ ಹೋಯಿತು. ಈಗ ಕರಿಬೇವನ್ನು ಅಂಗಡಿಯಿಂದ ತರುವಾಗ ಅವರನ್ನು ಬೈಯುವುದಕ್ಕೆ ಬಾಯಿ ಬರುವುದಿಲ್ಲ, ಹೊಗಳುವುದಕ್ಕೂ ಬರುವುದಿಲ್ಲ.

ಸಂಜೆ ಅಕ್ಕನ ಮಗಳು ಬ್ಲೌಸ್ ಅಳತೆಗೆಂದು ಬಂದವಳು ಇಲ್ಲೇ ಉಳಿದಳು. ಹುಡುಗನ ಮನೆಯವರ ಮಾತು ಬಂತು, ಏನೋ ತಮಾಷೆಗೆ ನಕ್ಕಳು. ನಗುವಾಗ ಅಂಗೈ ತಾನಾಗಿ ಬಾಯಿಗೆ ಅಡ್ಡ ಹೋಯಿತು, ಚಿಕ್ಕಂದಿನಿಂದಲೂ ಹಾಗೆಯೇ. ಫೋಟೋದವನಿಗೆ ನಗು ಅನ್ನಬೇಡ ಅಂತ ಮೊದಲೇ ಹೇಳಿಬಿಡು ಚಿಕ್ಕಮ್ಮ, ಎಂದಳು.

ಊಟಕ್ಕೆ ದಂಟಿನ ಸೊಪ್ಪಿನ ಹುಳಿ, ಹಪ್ಪಳ, ಮಜ್ಜಿಗೆ. ಅವಳೇ ಮೊದಲು ಮಲಗಿದಳು. ಹೊದಿಕೆ ಸರಿಮಾಡಲು ಹೋದಾಗ ನೋಡಿದೆ, ನಿದ್ದೆಯಲ್ಲಿ ಕೈಗಳೆರಡೂ ಪಕ್ಕಕ್ಕೆ ಬಿದ್ದಿದ್ದವು, ಅರೆ ತೆರೆದ ಬಾಯಲ್ಲಿ ಹಲ್ಲು ಕಾಣುತ್ತಿದ್ದವು.