ಪರದೆಯ ಹಿಂದಿನ ಬಸವಣ್ಣೆಪ್ಪ

ಕುಬಿಹಾಳದ ಬಸವಣ್ಣೆಪ್ಪ ಮೂವತ್ತು ವರ್ಷ ನಾಟಕ ಆಡಿಸಿದವನು, ಆದರೆ ಒಂದನ್ನೂ ಎದುರಿನಿಂದ ನೋಡಿದವನಲ್ಲ. ಅವನ ಜಾಗ ಪರದೆಯ ಹಿಂದೆ. ಕೈಯಲ್ಲಿ ಪುಸ್ತಕ, ಬಾಯಲ್ಲಿ ಪಿಸುಮಾತು. ನಮ್ಮ ಕಡೆ ಪಾತ್ರಧಾರಿಗಳು ಮಾತು ಬಾಯಿಪಾಠ ಮಾಡುವ ಗೋಜಿಗೆ ಹೋಗುವುದಿಲ್ಲ, ಪ್ರಾಂಪ್ಟರ್ ಹೇಳಿಕೊಟ್ಟಂತೆ ಆಡುತ್ತಾರೆ. ಹಾಸ್ಯಗಾರ ಅಂದಾನೆಪ್ಪನಂತೂ ತನ್ನ ಪಾತ್ರದ ಹೆಸರನ್ನೂ ಅವನನ್ನೇ ಕೇಳುತ್ತಿದ್ದ.

ಅವರು ವರ್ಷಾವರ್ಷ ಆಡುತ್ತಿದ್ದುದು ಇದೇ ಸೀಮೆಯ ಹೆಸರಾಂತ ನಾಟಕಕಾರರೊಬ್ಬರ ನಾಟಕ. ಆ ಪುಣ್ಯಾತ್ಮ ಬದುಕಿದ್ದಾಗ ಕೂರಲು ಒಂದು ಕುರ್ಚಿ ಕೊಡದ ಸರ್ಕಾರಕ್ಕೆ, ೧೯೮೬ರಲ್ಲಿ ಅವರ ನೂರನೆಯ ಹುಟ್ಟುಹಬ್ಬ ಬಂದಾಗ, ಒಮ್ಮೆಲೇ ಅವರು ‘ರಾಷ್ಟ್ರದ ಕಣ್ಮಣಿ’ಯಾಗಿ ಕಂಡರು. ಉತ್ಸವಕ್ಕೆ ಮಂತ್ರಿಗಳು ಊರಿಗೆ ಬರುವುದು ಗೊತ್ತಾಯಿತು. ಉತ್ಸವ ಸಮಿತಿಯ ಅಧ್ಯಕ್ಷ ಮಲಕಪ್ಪ ಕೆಂಪು ಪೆನ್ಸಿಲ್ ಹಿಡಿದು ಬಂದ. ನಾಟಕದೊಳಗೆ ಕಳೆದುಹೋದ ದೇಶವನ್ನು ಹುಡುಕುತ್ತ ಹಾಸ್ಯಗಾರ ಸಾಹೇಬನ ಕುರ್ಚಿಯ ಬಳಿ ಬರುವ ಪ್ರವೇಶಕ್ಕೆ ಅಡ್ಡಗೆರೆ ಬಿತ್ತು.

“ಅಲ್ಲೇ ಮಂದಿ ನಗೂದ್ರಿ. ಆ ನಗಿ ಕೇಳಾಕ ನಾ ಹಿಂದ ಕುಂದರೂದು,” ಎಂದ ಬಸವಣ್ಣೆಪ್ಪ.

“ರಾಷ್ಟ್ರದ ಕಣ್ಮಣಿ ಅಂದಮ್ಯಾಗ ಮಂದೀನ್ನ ನಗಸಬಾರ್ದು,” ಎಂದ ಮಲಕಪ್ಪ. ಅಷ್ಟಾದರೂ ನಂಬಿಕೆ ಸಾಲದೆ ಪುಸ್ತಕ ಕಿತ್ತು ಒಬ್ಬ ಗುಮಾಸ್ತನಿಗೆ ಕೊಟ್ಟ. ಬಸವಣ್ಣೆಪ್ಪನನ್ನು ಕಣ್ಣಳತೆಯಲ್ಲಿರಲೆಂದು ಮಂತ್ರಿಗಳ ಮುಂದಿನ ಜಮಖಾನೆಯ ಮೇಲೆ ಕೂರಿಸಿದ.

ಮಂತ್ರಿಗಳು ನಾಟಕಕಾರರ ಫೋಟೋಕ್ಕೆ ಹಾರ ಹಾಕಿದರು. ಎರಡು ತಾಸು ಭಾಷಣಗಳಾದವು. ನಾಟಕದ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಕೊನೆಗೆ ಪರದೆ ಸರಿಯಿತು. ಗುಮಾಸ್ತ ಗೆರೆ ಬಿದ್ದ ಪುಟ ಹಾರಿಸಿ ಮುಂದಿನದನ್ನು ಓದಿದ. ಆದರೆ ಅಂದಾನೆಪ್ಪನ ಕಾಲುಗಳು ರೂಢಿಯಂತೆ ಸಾಹೇಬನ ಕುರ್ಚಿಯ ಬಳಿ ಬಂದು ನಿಂತಿದ್ದವು. ಹೊಸ ದನಿ ಅವನ ಕಿವಿಗೆ ಹತ್ತಲೇ ಇಲ್ಲ. ಬೆವರುತ್ತ ಬಸವಣ್ಣೆಪ್ಪನ ಮುಖ ನೋಡಿದ.

ಬಸವಣ್ಣೆಪ್ಪ ತಡೆಯಲಾರದೆ ಪಿಸುಗುಟ್ಟಿದ. “ಜೋರಾಗಿ ಒದರೋ!” ಎಂದು ಬಾಜು ಕೂತ ಮುದುಕಿ ಫಕೀರವ್ವ ತಾನೇ ಶುರುಮಾಡಿದಳು. ಮೂವತ್ತು ವರ್ಷ ಅದೇ ಮಾತು ಕೇಳಿದ್ದ ಊರೆಲ್ಲ ದನಿಗೂಡಿಸಿತು:

“ಸಾಹೇಬ್ರ, ನಮ್ಮ ದೇಶ ನಿಮ್ಮ ಕುರ್ಚಿ ಬುಡಕ ಸಿಕ್ಕೊಂಡೈತಿ. ಚೂರು ಏಳ್ರಿ, ತಗೋತೀವಿ!”

ನಗೆಗೆ ತಗಡಿನ ಚಪ್ಪರ ಅದುರಿತು. ಇಷ್ಟು ವರ್ಷ ಬರೀ ಕೇಳಿದ್ದ ಆ ನಗೆಯ ಮುಖಗಳನ್ನು ಬಸವಣ್ಣೆಪ್ಪ ಹಿಂತಿರುಗಿ ಕಣ್ತುಂಬ ನೋಡಿದ. ಮಂತ್ರಿಗಳೂ ನಕ್ಕರು, ಆಮೇಲೆ ತಾವೂ ಕುರ್ಚಿಯ ಮೇಲಿರುವುದು ನೆನಪಾಗಿ ಹುಬ್ಬು ಗಂಟಿಕ್ಕಿದರು.

“ಯಾರದು ಈ ಮಾತು?”

ಬಸವಣ್ಣೆಪ್ಪ ಎದ್ದು ನಿಂತು ಫೋಟೋದ ಕಡೆ ಕೈ ತೋರಿಸಿದ.

“ಈಗ ಹಾರ ಹಾಕಿದ್ರಲ್ರಿ, ಅವರದ.”