ಗೌರಿಗೆ ಹೇಳಿದ ಮಾತು

ತೊಟ್ಟಿಲು ಶಾಸ್ತ್ರದ ಮಾರನೆಯ ಬೆಳಿಗ್ಗೆ ನನಗೆ ಚಳಿ ಹತ್ತಿತು. ಕಂಬಳಿ ಮೇಲೆ ಕಂಬಳಿ ಹೊದ್ದರೂ ನಿಲ್ಲಲಿಲ್ಲ. ಬಲಗಡೆಯ ಎದೆ ಕೆಂಪಗೆ ಬಾತು ಕಲ್ಲಾಗಿತ್ತು. ಸೆರಗು ತಾಕಿದರೂ ಜೀವ ಹೋದಂತಾಗುತ್ತಿತ್ತು. ಹಿಂದಿನ ದಿನವೆಲ್ಲ ಬಂದವರು ಮಗುವನ್ನು ಮಡಿಲಿಂದ ಮಡಿಲಿಗೆ ದಾಟಿಸಿ ಮುದ್ದಾಡಿದ್ದರು. ಹಾಲಿಗೆಂದು ನನ್ನ ಹತ್ತಿರ ತಂದವರಿಲ್ಲ. ಚೊಚ್ಚಲ ಬಾಣಂತಿ, ಬಾಯಿ ಬಿಟ್ಟು ಕೇಳಲು ನನಗೂ ನಾಚಿಕೆ.

ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಜ್ವರ ಇಳಿಯಲಿಲ್ಲ. ಆಮೇಲೆ ಮಗುವನ್ನು ಎತ್ತಿಕೊಂಡಳು.

"ಜರದ ಹಾಲು ಇಸ ಕಣಮ್ಮ. ಕೂಸಿಗೆ ಕೊಡಬ್ಯಾಡ."

ಮಗು ನನ್ನಿಂದ ದೂರವಾಯಿತು.

ನಡುಮನೆಯಲ್ಲಿ ಕೂತು ಅವ್ವ ಮೇಕೆ ಹಾಲಿಗೆ ಹತ್ತಿಬತ್ತಿ ಅದ್ದಿ ಮಗುವಿನ ಬಾಯಿಗಿಡುತ್ತಿದ್ದಳು. ಅದು ಉಗುಳಿ ಅಳುತ್ತಿತ್ತು. ಅದು ಅತ್ತಾಗಲೆಲ್ಲ ಇಲ್ಲಿ ನನ್ನ ರವಿಕೆ ಒದ್ದೆ.

ಅಪ್ಪ ಗಾಡಿ ಕಟ್ಟಿಕೊಂಡು ಹೋಗಿ ಕೊರಟಗೆರೆ ಆಸ್ಪತ್ರೆಯ ನರ್ಸಮ್ಮನನ್ನು ನಮ್ಮ ತೋವಿನಕೆರೆಗೆ ಕರೆತಂದ. ಅವರು ಥರ್ಮಾಮೀಟರ್ ಇಟ್ಟು ನೋಡಿ, ಎದೆ ಮುಟ್ಟಿ ನೋಡಿ, ನನ್ನೊಬ್ಬಳಿಗೆ ಹೇಳದೆ ಮನೆಯವರನ್ನೆಲ್ಲ ಬಾಗಿಲಿಗೆ ಕರೆದರು.

"ಹಾಲು ಕಟ್ಟಿಕೊಂಡಿದೆ. ಬಿಸಿನೀರಿನ ಬಟ್ಟೆ ಇಟ್ಟು, ಮಗುವಿಗೆ ಈ ಕಡೆಯದನ್ನೇ ಮೊದಲು ಕೊಡಿ. ಮಗುವಿಗೇನೂ ಆಗೋಲ್ಲ. ಹಾಗೇ ಬಿಟ್ಟರೆ ಕೀವಾಗಿ ಆಪರೇಷನ್ ಮಾಡಬೇಕಾಗುತ್ತೆ."

"ಗಂಡಸ್ರ ಮುಂದೆ ಇದೇನ್ ಮಾತು ತಾಯಿ," ಎಂದು ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

"ಮಗು ಮನೆಯವರೆಲ್ಲರದ್ದು ತಾನೇ? ಎಲ್ಲರೂ ಕೇಳಲಿ."

ಅಪ್ಪ ತಲೆ ತಗ್ಗಿಸಿ ನಿಂತಿದ್ದ. ನರ್ಸಮ್ಮನನ್ನು ಬಿಟ್ಟುಬರಲು ಅವನು ಹೊರಟ ಮೇಲೆ ಅವ್ವ ಮತ್ತೆ ಬತ್ತಿ ಹೊಸೆಯಲು ಕೂತಳು. "ಮಾರಾಜ್ರ ಆಸ್ಪತ್ರೆಯೋರು ಏನಾರಾ ಅಂತಾರೆ. ಕೂಸು ನಮ್ದು."

ಅಪ್ಪ ಹಿಂತಿರುಗಿದಾಗಲೂ ಮಗು ಅಳುತ್ತಲೇ ಇತ್ತು. ಮಗಳ ಎದೆಯ ವಿಷಯ ಅಪ್ಪನಾದವನು ಆಡುವಂತಿಲ್ಲ, ಹೆಂಡತಿಯ ಹತ್ತಿರವೂ. ಅವನು ನಡುಮನೆಗೆ ಹೊಂದಿಕೊಂಡಿದ್ದ ಕೊಟ್ಟಿಗೆಗೆ ಹೋದ. ನಮ್ಮ ಹಸು ಗೌರಿಯ ಬೆನ್ನು ನೀವುತ್ತ, ಒಳಗೆಲ್ಲ ಕೇಳುವಂತೆ ಮಾತಿಗಿಳಿದ.

"ಹೋದ ಸಲ ನಿನ್ ಕೆಚ್ಚಲು ಬಾತಾಗ ಕರ ಕಟ್ಟಾಕಿದ್ವೇನೇ ಗೌರಿ? ಬುಟ್ವಲ್ಲ. ಗುದ್ದಿ ಗುದ್ದಿ ಕುಡೀತು. ನಿಂಗೂ ವಾಸಿ ಆತು, ಅದ್ಕೂ ಏನೂ ಆಗ್ನಿಲ್ಲ. ಬುಟ್ಟೋಳು ಯಾರು? ಈ ಮನೆ ಯಜಮಾಂತಿನೇ."

ಅವ್ವನ ಕೈ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದಳು. ಬಿಸಿ ಬಟ್ಟೆ ಇಟ್ಟು, ತಾನೇ ಮಗುವಿನ ಬಾಯನ್ನು ಬಾತ ಕಡೆಗೆ ಹಚ್ಚಿದಳು. ಮೊದಲ ಎಳೆತಕ್ಕೆ ನನಗೆ ಕಣ್ಣು ಕತ್ತಲಿಟ್ಟಿತು. ಅವ್ವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡೆ. "ತಡ್ಕೊ ಮಗ, ತಡ್ಕೊ," ಎನ್ನುತ್ತ ಅವಳೂ ಅತ್ತಳು. ಗಂಟು ಮೆಲ್ಲಗೆ ಸಡಿಲಾಗತೊಡಗಿತು. ಜ್ವರ ಬಿಡಲು ಇನ್ನೂ ಕೆಲವು ದಿನ ಹಿಡಿಯಿತು, ಆದರೆ ಮಗುವನ್ನು ಮತ್ತೆ ಯಾರೂ ನನ್ನಿಂದ ಒಯ್ಯಲಿಲ್ಲ.

ಈಗ ಮಗು ಬೋರಲು ಬೀಳುತ್ತಿದೆ. ಆ ಕಡೆಯ ಎದೆ ಸ್ವಲ್ಪ ಬಿಗಿದರೂ ನನಗೆ ಭಯವಾಗುತ್ತದೆ. ಆದರೆ ಈಗ ನಾಚುವುದಿಲ್ಲ, ಅವ್ವನನ್ನು ಕೂಗುತ್ತೇನೆ.

ಅಪ್ಪ ಮಾತ್ರ ನನ್ನ ಹತ್ತಿರ ಈ ವಿಷಯ ಎತ್ತಿಲ್ಲ. ದಿನಾ ಬೆಳಿಗ್ಗೆ ಕೊಟ್ಟಿಗೆಯಲ್ಲಿ ನಿಂತು, "ಏನೇ ಗೌರಿ, ಕರ ಹೊಟ್ಟೆ ತುಂಬ ಕುಡೀತಾ?" ಎಂದು ಕೇಳುತ್ತಾನೆ. ಗೌರಿ ಈಗಿನ್ನೂ ಗಬ್ಬ, ಅವಳಿಗೆ ಕರುವೆಲ್ಲಿಂದ ಬರಬೇಕು.

"ಕುಡೀತು ಕಣಪ್ಪ," ಎಂದು ನಾನು ಒಳಗಿನಿಂದ ಹೇಳುತ್ತೇನೆ.